ಜನರೇಟರ್ ಎಂಜಿನ್‌ಗಳಲ್ಲಿ ಇಗ್ನಿಷನ್ ಭಾಗಗಳ ಅಕಾಲಿಕ ವೈಫಲ್ಯ ಮತ್ತು ಅದರ ಪತ್ತೆ

ಪೆಟ್ರೋಲ್, ನೈಸರ್ಗಿಕ ಅನಿಲ, ಜೈವಿಕ ಅನಿಲ ಮುಂತಾದ ಇಂಧನಗಳಿಂದ ನಡೆಯುವ ಜನರೇಟರ್ ಎಂಜಿನ್‌ಗಳಲ್ಲಿ ಕಿಡಿ ಹುಟ್ಟಿಸುವ ಭಾಗಗಳು ಗೊತ್ತುಪಡಿಸಿದ ಆಯುಸ್ಸು ಮುಗಿಯುವ ಮೊದಲೇ ಕೆಡುವುದನ್ನು ಅಕಾಲಿಕ ವೈಫಲ್ಯ ಎನ್ನುತ್ತಾರೆ. ಸ್ಪಾರ್ಕ್ ಪ್ಲಗ್, ಇಗ್ನಿಷನ್ ಕಾಯಿಲ್, ಇವೆರಡನ್ನು ಜೋಡಿಸುವ ಹೈ ಟೆನ್ಷನ್ ವೈರು, ಪ್ಲಗ್ ಕ್ಯಾಪ್, ಮ್ಯಾಗ್ನೆಟೊ ಅಥವಾ ಅದರ ಜಾಗಕ್ಕೆ ಬಂದಿರುವ ಎಲೆಕ್ಟ್ರಾನಿಕ್ ನಿಯಂತ್ರಕ ಈ ಗುಂಪಿಗೆ ಸೇರುತ್ತವೆ. ಡೀಸೆಲ್ ಎಂಜಿನ್‌ನಲ್ಲಿ ಗಾಳಿಯನ್ನು ಒತ್ತಿದಾಗ ಹುಟ್ಟುವ ಶಾಖವೇ ಇಂಧನವನ್ನು ಹೊತ್ತಿಸುವುದರಿಂದ ಅಲ್ಲಿ ಈ ಭಾಗಗಳಿಲ್ಲ. ಡೀಸೆಲ್ ಜೊತೆಗೆ ಅನಿಲವನ್ನೂ ಬಳಸುವ ದ್ವಿ-ಇಂಧನ ಜನರೇಟರ್‌ಗಳಲ್ಲೂ ಹೊತ್ತಿಸುವ ಕೆಲಸ ಡೀಸೆಲ್ಲಿನದೇ ಆದ್ದರಿಂದ ಅವೂ ಈ ಲೇಖನದ ವ್ಯಾಪ್ತಿಯಿಂದ ಹೊರಗೆ ಉಳಿಯುತ್ತವೆ.

ವಾಹನದ ಪ್ಲಗ್ಗಿನ ಆಯುಸ್ಸನ್ನು ಕಿಲೋಮೀಟರಿನಲ್ಲಿ ಹೇಳುತ್ತಾರೆ, ಜನರೇಟರಿನದನ್ನು ಗಂಟೆಯಲ್ಲಿ. ಭಾರತದಲ್ಲಿ ವಿದ್ಯುತ್ತಿನ ಆವರ್ತನ 50 ಹರ್ಟ್ಸ್ ಆಗಿರುವುದರಿಂದ ದೊಡ್ಡ ಜನರೇಟರುಗಳು ಸಾಮಾನ್ಯವಾಗಿ ನಿಮಿಷಕ್ಕೆ 1,500 ಸುತ್ತು ತಿರುಗುತ್ತವೆ. ನಾಲ್ಕು ಹೊಡೆತದ ಎಂಜಿನ್‌ನಲ್ಲಿ ಎರಡು ಸುತ್ತಿಗೆ ಒಂದು ಕಿಡಿಯಂತೆ ಪ್ರತಿ ಪ್ಲಗ್ ಗಂಟೆಗೆ 45,000 ಸಲ, 1,000 ಗಂಟೆಯಲ್ಲಿ ನಾಲ್ಕೂವರೆ ಕೋಟಿ ಸಲ ಕಿಡಿ ಹಾರಿಸಬೇಕು. ಹಗಲು ರಾತ್ರಿ ಓಡುವ ಎಂಜಿನ್ ಆರು ವಾರದೊಳಗೆ ಈ ಲೆಕ್ಕ ಮುಟ್ಟುತ್ತದೆ. ಗ್ಯಾಸ್ ಎಂಜಿನ್‌ನ ಪ್ಲಗ್ಗಿನಿಂದ ಸಾವಿರದಿಂದ ಕೆಲವು ಸಾವಿರ ಗಂಟೆಗಳ ಸೇವೆಯನ್ನು ನಿರೀಕ್ಷಿಸುವುದು ವಾಡಿಕೆ. ಹಾಗಾಗಿ ಒಂದು ಪ್ಲಗ್ ಬೇಗ ಕೆಟ್ಟಿತೇ ಇಲ್ಲವೇ ಎಂಬುದನ್ನು ಅದು ಓಡಿದ ಗಂಟೆ ಗೊತ್ತಿಲ್ಲದೆ ಹೇಳಲಾಗದು. ಆರು ತಿಂಗಳಿಗೇ ಹೋಯಿತು ಎಂಬ ದೂರಿಗೆ, ಆ ಆರು ತಿಂಗಳಲ್ಲಿ ಎಂಜಿನ್ ನೂರು ಗಂಟೆ ಓಡಿತೋ ನಾಲ್ಕು ಸಾವಿರ ಗಂಟೆಯೋ ಎಂದು ತಿಳಿದ ಮೇಲೆಯೇ ಅರ್ಥ ಬರುವುದು.

ಕೆಟ್ಟ ಭಾಗವನ್ನು ಬಿಚ್ಚಿ, ಹೊಸದನ್ನು ಹಾಕಿ, ಹಳೆಯದನ್ನು ಗುಜರಿಗೆ ಎಸೆಯುವುದು ಎಲ್ಲೆಡೆ ಕಾಣುವ ಅಭ್ಯಾಸ. ಅಪರಾಧ ನಡೆದ ಜಾಗವನ್ನು ಪೊಲೀಸರು ಬರುವ ಮೊದಲೇ ಗುಡಿಸಿ ಸಾರಿಸಿದಂತೆ ಇದು. ಮೊದಲು ಕೆಡುವುದು ಪ್ಲಗ್ ಅಥವಾ ಕಾಯಿಲ್ ಆದರೂ ಅದನ್ನು ಕೆಡಿಸಿದ್ದು ಬಹುಪಾಲು ಬೇರೊಂದು ಕಡೆ ಇರುತ್ತದೆ: ಇಂಧನದಲ್ಲಿ, ಗಾಳಿಯ ಪ್ರಮಾಣದಲ್ಲಿ, ಲೋಡಿನಲ್ಲಿ, ಸಿಲಿಂಡರಿಗೆ ಇಳಿಯುವ ಎಣ್ಣೆಯಲ್ಲಿ, ಅಥವಾ ಪ್ಲಗ್ಗನ್ನು ಕೂರಿಸಿದ ಕೈಯಲ್ಲಿ.

ಹಿನ್ನೆಲೆ

ಕಿಡಿಯಿಂದ ಹೊತ್ತಿಸುವ ಎಂಜಿನ್‌ಗಳ ಚರಿತ್ರೆ ವಾಹನಕ್ಕಿಂತ ಮೊದಲು ನೆಲಕ್ಕೆ ಕೂರಿಸಿದ ಯಂತ್ರಗಳಲ್ಲೇ ಆರಂಭವಾಯಿತು. 1860ರಲ್ಲಿ ಎತಿಯೆನ್ ಲೆನ್ವಾರ್ ಪ್ಯಾರಿಸ್ಸಿನಲ್ಲಿ ಮಾಡಿದ ಗ್ಯಾಸ್ ಎಂಜಿನ್ ಬ್ಯಾಟರಿ ಮತ್ತು ಇಂಡಕ್ಷನ್ ಕಾಯಿಲಿನಿಂದ ಕಿಡಿ ಪಡೆಯುತ್ತಿತ್ತು. ನಿಕೋಲಾಸ್ ಆಟೊ 1876ರ ತನ್ನ ನಾಲ್ಕು ಹೊಡೆತದ ಎಂಜಿನ್‌ನಲ್ಲಿ ಕಿಡಿಯನ್ನು ಬಿಟ್ಟು, ಜಾರುವ ಕವಾಟದ ಮೂಲಕ ಉರಿಯುವ ಜ್ವಾಲೆಯನ್ನೇ ಒಳಗೆ ಒಯ್ಯುವ ಏರ್ಪಾಟನ್ನು ಆರಿಸಿಕೊಂಡ. ಅಂದಿನ ವಿದ್ಯುತ್ ಕಿಡಿಯ ಮೇಲೆ ಎಷ್ಟು ಭರವಸೆಯಿತ್ತು ಎಂಬುದು ಇದರಿಂದ ತಿಳಿಯುತ್ತದೆ. 1886ರಲ್ಲಿ ಷ್ಟುಟ್‌ಗಾರ್ಟ್‌ನಲ್ಲಿ ವರ್ಕ್‌ಷಾಪ್ ತೆರೆದ ರಾಬರ್ಟ್ ಬಾಷ್ ಮರುವರ್ಷ ಒಂದು ಸ್ಥಿರ ಎಂಜಿನ್ನಿಗಾಗಿ ಮ್ಯಾಗ್ನೆಟೊ ಮಾಡಿಕೊಟ್ಟ. ಅದೇ ಸಂಸ್ಥೆಯ ಗಾಟ್‌ಲೋಬ್ ಹೊನೋಲ್ಡ್ 1902ರಲ್ಲಿ ಹೆಚ್ಚು ವೋಲ್ಟೇಜಿನ ಮ್ಯಾಗ್ನೆಟೊ ಮತ್ತು ಅದಕ್ಕೆ ತಕ್ಕ ಸ್ಪಾರ್ಕ್ ಪ್ಲಗ್ಗನ್ನು ರೂಪಿಸಿದ ಮೇಲೆ ಈ ಏರ್ಪಾಟು ಗಟ್ಟಿಯಾಗಿ ನೆಲೆಯೂರಿತು. ಕನ್ನಡನಾಡಿನ ಗ್ಯಾರೇಜುಗಳಿಗೆ ಈ ಸಂಸ್ಥೆ ಬಹುಕಾಲ ಪರಿಚಿತವಾಗಿದ್ದು ಮೈಕೋ ಎಂಬ ಹೆಸರಿನಿಂದ. 1951ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ನೆಲೆಸಿದ ಮೋಟಾರ್ ಇಂಡಸ್ಟ್ರೀಸ್ ಕಂಪನಿಯ ಪ್ಲಗ್ಗುಗಳು ಊರೂರಿನ ಬಿಡಿಭಾಗದ ಅಂಗಡಿಗಳಲ್ಲಿ ಸಿಗುತ್ತಿದ್ದವು. 2008ರಲ್ಲಿ ಅದು ಬಾಷ್ ಲಿಮಿಟೆಡ್ ಎಂದು ಹೆಸರು ಬದಲಿಸಿಕೊಂಡಿತು.

ವೋಲ್ಟೇಜಿನ ಬೇಡಿಕೆ

ಕಿಡಿ ಹಾರಲು ಎಷ್ಟು ವೋಲ್ಟ್ ಬೇಕು ಎಂಬುದನ್ನು ಕಾಯಿಲ್ ತೀರ್ಮಾನಿಸುವುದಿಲ್ಲ, ಪ್ಲಗ್ಗಿನ ಗ್ಯಾಪು ಮತ್ತು ಅದರ ನಡುವೆ ತುಂಬಿರುವ ಅನಿಲದ ಸಾಂದ್ರತೆ ತೀರ್ಮಾನಿಸುತ್ತವೆ. ಜರ್ಮನಿಯ ಭೌತವಿಜ್ಞಾನಿ ಫ್ರೀಡ್ರಿಶ್ ಪಾಶೆನ್ 1889ರಲ್ಲಿ ಪ್ರಕಟಿಸಿದ ನಿಯಮದ ತಿರುಳು ಇದೇ. ಗ್ಯಾಪ್ ಹೆಚ್ಚಾದರೆ ಬೇಡಿಕೆ ಏರುತ್ತದೆ. ಸಿಲಿಂಡರಿನ ಒತ್ತಡ ಹೆಚ್ಚಾದರೂ ಏರುತ್ತದೆ. ಇಂಧನದ ಪ್ರಮಾಣ ಕಡಿಮೆ ಮಾಡಿ, ಟರ್ಬೋಚಾರ್ಜರಿನಿಂದ ಗಾಳಿಯನ್ನು ಒತ್ತಿ ತುಂಬುವ ಇಂದಿನ ಗ್ಯಾಸ್ ಎಂಜಿನ್‌ಗಳಲ್ಲಿ ಈ ಒತ್ತಡ ವಿಪರೀತ. ಅದಕ್ಕೇ ಅವುಗಳ ಪ್ಲಗ್ ಗ್ಯಾಪನ್ನು 0.25ರಿಂದ 0.4 ಮಿಲಿಮೀಟರಿನಷ್ಟು ಕಿರಿದಾಗಿ ಇಡುತ್ತಾರೆ, ಸಣ್ಣ ಪೆಟ್ರೋಲ್ ಜನರೇಟರಿನಲ್ಲಿ ಇದು 0.7ರಿಂದ 0.8 ಮಿಲಿಮೀಟರ್ ಇರುತ್ತದೆ. ಇಷ್ಟು ಕಿರಿದಾದ ಗ್ಯಾಪಿನಲ್ಲಿ ಒಂದು ಮಿಲಿಮೀಟರಿನ ಹತ್ತರಲ್ಲೊಂದು ಭಾಗ ಸವೆದರೂ ವೋಲ್ಟೇಜ್ ಬೇಡಿಕೆ ಸ್ಪಷ್ಟವಾಗಿ ಮೇಲೇರುತ್ತದೆ.

ಪ್ರತಿ ಕಿಡಿಯೂ ಎಲೆಕ್ಟ್ರೋಡಿನ ಲೋಹವನ್ನು ಕಣ್ಣಿಗೆ ಕಾಣದಷ್ಟು ಕಿತ್ತೊಯ್ಯುತ್ತದೆ. ನಿಕ್ಕಲ್ 1,455 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಪ್ಲಾಟಿನಂ 1,768ರಲ್ಲಿ, ಇರಿಡಿಯಂ ಸುಮಾರು 2,446ರಲ್ಲಿ ಕರಗುತ್ತವೆ. ದುಬಾರಿ ಲೋಹದ ತುದಿಯುಳ್ಳ ಪ್ಲಗ್ಗುಗಳು ಹೆಚ್ಚು ಬಾಳುವುದಕ್ಕೆ ಇದೊಂದು ಮುಖ್ಯ ಕಾರಣ. ಸವೆತದಿಂದ ಗ್ಯಾಪ್ ಹಿಗ್ಗುತ್ತ ಹೋದಂತೆ ಬೇಡಿಕೆಯೂ ಏರಿ, ಒಂದು ದಿನ ಕಾಯಿಲ್ ಕೊಡಬಲ್ಲ ಗರಿಷ್ಠವನ್ನು ಮುಟ್ಟುತ್ತದೆ. ಆ ಮೇಲೆ ವಿದ್ಯುತ್ತು ಗ್ಯಾಪಿಗಿಂತ ಸುಲಭದ ದಾರಿ ಹುಡುಕುತ್ತದೆ. ಕ್ಯಾಪಿನ ರಬ್ಬರಿನಲ್ಲಿ ಕಣ್ಣಿಗೆ ಬೀಳದ ತೂತು, ಪಿಂಗಾಣಿಯ ಹೊರಮೈ ಮೇಲಿನ ಧೂಳು, ವೈರಿನ ಬಿರುಕು, ಕಾಯಿಲಿನ ಒಳಸುತ್ತುಗಳ ನಡುವಿನ ನಿರೋಧಕ, ಇವುಗಳಲ್ಲಿ ಯಾವುದು ದುರ್ಬಲವೋ ಅದು ಮುರಿಯುತ್ತದೆ. ಹೀಗೆ ಸವೆದ ಪ್ಲಗ್ಗನ್ನು ಬಹಳ ಕಾಲ ಎಳೆದಾಡಿಸಿದ ಎಂಜಿನ್‌ನಲ್ಲಿ ಕೊನೆಗೆ ಸುಡುವುದು ಕಾಯಿಲ್. ಹೊಸ ಕಾಯಿಲ್ ಹಾಕಿ ಹಳೆಯ ಪ್ಲಗ್ಗನ್ನೇ ಉಳಿಸಿದರೆ ಅದೂ ಅದೇ ದಾರಿ ಹಿಡಿಯುತ್ತದೆ. ಒಂದರ ಹಿಂದೊಂದು ಕಾಯಿಲ್ ಸುಟ್ಟ ಎಂಜಿನ್ ಎದುರಾದಾಗ ಮೊದಲು ಗ್ಯಾಪ್ ಅಳೆಯುವ ಫೀಲರ್ ಗೇಜು ಹಿಡಿಯುವುದು ವಿವೇಕ.

ಕಿಡಿ ಹೊತ್ತಿಸುವ ಸಮಯವೂ ಈ ಲೆಕ್ಕದೊಳಗೆ ಬರುತ್ತದೆ. ಟೈಮಿಂಗನ್ನು ಹಿಂದಕ್ಕೆ ತಳ್ಳಿದರೆ ಪಿಸ್ಟನ್ ಮೇಲಕ್ಕೆ ಬಂದು ಒತ್ತಡ ಹೆಚ್ಚಾದ ಹೊತ್ತಿಗೆ ಕಿಡಿ ಹಾರಬೇಕಾಗುತ್ತದೆ, ಆದ್ದರಿಂದ ವೋಲ್ಟೇಜ್ ಬೇಡಿಕೆ ಏರುತ್ತದೆ. ಮುಂದಕ್ಕೆ ತಂದರೆ ಬೇಡಿಕೆ ಇಳಿಯುತ್ತದೆ, ಆದರೆ ನಾಕಿಂಗಿನ ಅಪಾಯವೂ ಪ್ಲಗ್ಗಿನ ಕಾವೂ ಏರುತ್ತವೆ.

ಬಿಚ್ಚಿದ ಪ್ಲಗ್ಗಿನ ಗುರುತುಗಳು

ಪಿಂಗಾಣಿಯ ತುದಿ ಸುಮಾರು 450ರಿಂದ 850 ಡಿಗ್ರಿಯೊಳಗಿದ್ದರೆ ಪ್ಲಗ್ ತನ್ನ ಮೇಲೆ ಕೂರುವ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. ಅದಕ್ಕಿಂತ ತಣ್ಣಗಿದ್ದರೆ ಮಸಿ ಕಟ್ಟುತ್ತದೆ. ಅದಕ್ಕಿಂತ ಕಾದರೆ ತುದಿಯೇ ಕೆಂಡವಾಗಿ, ಕಿಡಿಗೆ ಮೊದಲೇ ಮಿಶ್ರಣವನ್ನು ಹೊತ್ತಿಸುತ್ತದೆ. ಒಣಗಿದ, ಉಜ್ಜಿದರೆ ಉದುರುವ ಕಪ್ಪು ಮಸಿ ಇಂಧನ ಹೆಚ್ಚಾಗಿರುವುದನ್ನು, ಏರ್ ಫಿಲ್ಟರ್ ಕಟ್ಟಿರುವುದನ್ನು ಅಥವಾ ಎಂಜಿನ್ ಬಹಳ ಹೊತ್ತು ಕಡಿಮೆ ಲೋಡಿನಲ್ಲಿ ಓಡಿರುವುದನ್ನು ಹೇಳುತ್ತದೆ. ಜಿಡ್ಡಿನ ಕಪ್ಪು ಲೇಪ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲಿನ ಮೂಲಕ ಎಣ್ಣೆ ಇಳಿಯುತ್ತಿರುವುದರ ಗುರುತು. ಬಿಳಿಚಿಕೊಂಡ, ಗುಳ್ಳೆ ಎದ್ದ ಪಿಂಗಾಣಿ ಅತಿಯಾದ ಶಾಖದ ಗುರುತು.

ಒಡೆದ ಪಿಂಗಾಣಿ ತುದಿ ಮತ್ತು ಕರಗಿದ ಎಲೆಕ್ಟ್ರೋಡ್ ಒಂದೇ ಕಾಯಿಲೆಯವಲ್ಲ, ಇವನ್ನು ಬೆರೆಸಬಾರದು. ಕಿಡಿಯ ನಂತರ ಉಳಿದ ಮಿಶ್ರಣ ತಾನಾಗಿ ಸಿಡಿಯುವ ನಾಕಿಂಗ್ ಹೊಡೆತದಂತೆ ಬಂದು ಪಿಂಗಾಣಿಯನ್ನು ಚಕ್ಕೆ ಎಬ್ಬಿಸುತ್ತದೆ. ಕಿಡಿಗೆ ಮೊದಲೇ ಹೊತ್ತಿಕೊಳ್ಳುವ ಅಕಾಲ ಜ್ವಲನ ಸದ್ದಿಲ್ಲದೆ ಶಾಖ ಏರಿಸಿ ಎಲೆಕ್ಟ್ರೋಡನ್ನು ಕರಗಿಸುತ್ತದೆ, ತಡವಾದರೆ ಪಿಸ್ಟನ್ನನ್ನೂ ತೂತು ಮಾಡುತ್ತದೆ. ಕರಗಿದ ಎಲೆಕ್ಟ್ರೋಡ್ ಕಂಡ ಎಂಜಿನ್‌ಗೆ ಕಾರಣ ತಿಳಿಯುವ ತನಕ ಹೊಸ ಪ್ಲಗ್ ಹಾಕಿ ಲೋಡ್ ಕೊಡಲೇಬಾರದು.

ಲೋಹದ ಕವಚಕ್ಕಿಂತ ಮೇಲೆ, ಪಿಂಗಾಣಿಯ ಹೊರಮೈಯಲ್ಲಿ ಕಾಣುವ ಕಂದು ಬಣ್ಣದ ಉಂಗುರ ಗ್ಯಾಸ್ ಸೋರಿಕೆಯೆಂದು ಅನೇಕರು ಭಾವಿಸಿ ಪ್ಲಗ್ಗನ್ನು ಎಸೆಯುತ್ತಾರೆ. ಸಾಮಾನ್ಯವಾಗಿ ಅದು ಹೆಚ್ಚು ವೋಲ್ಟೇಜಿನ ಸುತ್ತ ಗಾಳಿ ಅಯಾನೀಕರಣಗೊಂಡು ಎಣ್ಣೆಯ ಕಣಗಳನ್ನು ಅಂಟಿಸಿದ ಕೊರೋನಾ ಕಲೆ, ಅದರಿಂದ ತೊಂದರೆಯಿಲ್ಲ. ಉದ್ದುದ್ದ ಕಪ್ಪು ಗೀರುಗಳು ಕಂಡರೆ ಮಾತ್ರ ವಿದ್ಯುತ್ತು ಹೊರಗಿನಿಂದಲೇ ಕವಚಕ್ಕೆ ಹಾರಿದೆ ಎಂದರ್ಥ. ಅಂತಹ ಪ್ಲಗ್ಗಿನ ಕ್ಯಾಪಿನೊಳಗೂ ಅದೇ ಗೀರು ಇರುತ್ತದೆ, ಎರಡನ್ನೂ ಒಟ್ಟಿಗೆ ಬದಲಿಸಬೇಕು.

ಕೂರಿಸುವಲ್ಲಿನ ತಪ್ಪು ಬಹಳ ಪ್ಲಗ್ಗುಗಳ ಆಯುಸ್ಸು ಕಡಿಯುತ್ತದೆ. ಪ್ಲಗ್ಗಿನ ಶಾಖ ಸಿಲಿಂಡರ್ ಹೆಡ್ಡಿಗೆ ಇಳಿಯುವುದು ಮರೆ (ತಿರುಪಿನ ಎಳೆ) ಮತ್ತು ವಾಷರಿನ ಮೂಲಕ. ಸಡಿಲ ಬಿಟ್ಟರೆ ಈ ದಾರಿ ಮುಚ್ಚಿ ತುದಿ ಕಾಯುತ್ತದೆ. ಅತಿ ಬಿಗಿದರೆ ಕವಚ ಎಳೆದು ಒಳಗಿನ ಪಿಂಗಾಣಿಯ ಸೀಲು ಸಡಿಲಾಗುತ್ತದೆ. ಹಳೆಯ ವಾಷರ್ ಗೂಡಿನಲ್ಲೇ ಉಳಿದು ಅದರ ಮೇಲೆ ಹೊಸದು ಕೂತರೆ ತುದಿ ಇರಬೇಕಾದ ಆಳದಲ್ಲಿ ಇರುವುದಿಲ್ಲ. ಡೀಸೆಲ್ ಎಂಜಿನ್ನನ್ನು ಗ್ಯಾಸಿಗೆ ಬದಲಿಸಿದ ಯಂತ್ರಗಳಲ್ಲಿ ಇಂಜೆಕ್ಟರ್ ಇದ್ದ ಆಳವಾದ ಗುಂಡಿಯಲ್ಲಿ ಪ್ಲಗ್ ಕೂರುತ್ತದೆ. ಅದಕ್ಕೆ ಬೇಕಾದ ಉದ್ದ ಕ್ಯಾಪು ಕಾವಿನಲ್ಲಿ ಒಣಗಿ ಬಿರಿಯುತ್ತದೆ, ಕತ್ತಲೆಯ ಗುಂಡಿಯಲ್ಲಿ ಆ ಬಿರುಕು ಯಾರ ಕಣ್ಣಿಗೂ ಬೀಳುವುದಿಲ್ಲ.

ಇಂಧನದಿಂದ ಬರುವ ತೊಂದರೆ

ಪೈಪ್‌ಲೈನಿನ ನೈಸರ್ಗಿಕ ಅನಿಲ ಶುದ್ಧ ಇಂಧನ. ದಾಭೋಲ್‌ನಿಂದ ಬೆಂಗಳೂರಿಗೆ 2013ರಲ್ಲಿ ಬಂದ ಕೊಳವೆ ಮಾರ್ಗದ ನಂತರ ಕರ್ನಾಟಕದಲ್ಲೂ ಇದು ಕೈಗೆಟುಕಿತು. ಇಂತಹ ಅನಿಲದಲ್ಲಿ ಪ್ಲಗ್ ಬೇಗ ಕೆಟ್ಟರೆ ಅನುಮಾನ ಮೊದಲು ಎಂಜಿನ್ನಿನ ಎಣ್ಣೆ, ಗಾಳಿಯ ಪ್ರಮಾಣ ಮತ್ತು ಟೈಮಿಂಗಿನ ಮೇಲೆ ಹೋಗಬೇಕು. ಎಣ್ಣೆಯಲ್ಲಿ ಬೆರೆಸಿದ ಕ್ಯಾಲ್ಸಿಯಂ, ಸತು, ರಂಜಕದ ಸಂಯುಕ್ತಗಳು ಸುಟ್ಟು ಬೂದಿಯಾಗಿ ಎಲೆಕ್ಟ್ರೋಡಿನ ಮೇಲೆ ಕೂರುತ್ತವೆ. ಗ್ಯಾಸ್ ಎಂಜಿನ್ನಿಗೆ ಕಡಿಮೆ ಬೂದಿಯ ಎಣ್ಣೆಯನ್ನೇ ಬಳಸಬೇಕೆನ್ನುವುದು ಇದಕ್ಕೇ. ಗೋದಾಮಿನಲ್ಲಿದೆ ಎಂದು ಡೀಸೆಲ್ ಜನರೇಟರಿನ ಎಣ್ಣೆಯನ್ನೇ ಸುರಿದರೆ ಅದರ ಪರಿಣಾಮ ಪ್ಲಗ್ಗಿನ ಮೇಲೆ ಬರೆದಿರುತ್ತದೆ.

ಜೈವಿಕ ಅನಿಲದ ಕಥೆಯೇ ಬೇರೆ. ಡಿಸ್ಟಿಲರಿಯ ತ್ಯಾಜ್ಯ, ಸಗಣಿ, ನಗರದ ಒಳಚರಂಡಿ, ಕಸದ ಗುಡ್ಡೆ, ಇವುಗಳಿಂದ ಬರುವ ಅನಿಲದಲ್ಲಿ ಮೀಥೇನ್ ಜೊತೆಗೆ ಇಂಗಾಲದ ಡೈಆಕ್ಸೈಡ್, ನೀರಾವಿ ಮತ್ತು ಹೈಡ್ರೋಜನ್ ಸಲ್ಫೈಡ್ ಇರುತ್ತವೆ. ಈ ಸಲ್ಫೈಡ್ ಉರಿದು ಹುಟ್ಟುವ ಆಮ್ಲ ಎಣ್ಣೆಯನ್ನು ಕೆಡಿಸುತ್ತದೆ, ಸಲ್ಫೈಡಿನ ಸೋಂಕು ತಾಮ್ರದ ಸಂಪರ್ಕಗಳನ್ನೂ ಕಪ್ಪಾಗಿಸುತ್ತದೆ. ಒಳಚರಂಡಿ ಮತ್ತು ಕಸದ ಅನಿಲಕ್ಕೆ ಇನ್ನೊಂದು ಶತ್ರು ಸಿಲಾಕ್ಸೇನ್. ಶಾಂಪೂ, ಸೌಂದರ್ಯವರ್ಧಕಗಳಲ್ಲಿರುವ ಈ ಸಿಲಿಕಾನ್ ಸಂಯುಕ್ತಗಳು ನೀರಿನ ಜೊತೆ ಚರಂಡಿ ಸೇರಿ, ಅನಿಲವಾಗಿ ಎಂಜಿನ್ ಹೊಕ್ಕು, ಉರಿದಾಗ ಮರಳಿನ ಮೂಲದ್ರವ್ಯವಾದ ಸಿಲಿಕವಾಗುತ್ತವೆ. ಪ್ಲಗ್ಗಿನ ಮೇಲೆ, ವಾಲ್ವ್ ಮೇಲೆ, ಪಿಸ್ಟನ್ನಿನ ತಲೆಯ ಮೇಲೆ ಬಿಳಿಯ ಗಟ್ಟಿ ಪದರ ಬೆಳೆಯುತ್ತದೆ. ಇದನ್ನು ಕೆರೆದು ತೆಗೆದು ಅದೇ ಪ್ಲಗ್ ಹಾಕುವುದರಿಂದ ಕೆಲವು ದಿನ ದೂಡಬಹುದು. ಅನಿಲ ಶುದ್ಧೀಕರಿಸುವ ಇದ್ದಿಲಿನ ಫಿಲ್ಟರ್ ತುಂಬಿಹೋಗಿದೆಯೇ ಎಂದು ನೋಡದೆ ಕಾಯಿಲೆ ವಾಸಿಯಾಗದು. ಅನಿಲದಲ್ಲಿ ಮೀಥೇನಿನ ಪ್ರಮಾಣ ದಿನದಿಂದ ದಿನಕ್ಕೆ ಏರಿಳಿದರೆ ಮಿಶ್ರಣವೂ ಏರಿಳಿದು, ಇಂಧನ ಕಡಿಮೆಯಾದ ಹೊತ್ತಿನಲ್ಲಿ ಒಳ್ಳೆಯ ಪ್ಲಗ್ಗೂ ಹೊತ್ತಿಸಲಾರದೆ ತಪ್ಪುತ್ತದೆ.

ಸೌದೆಯಿಂದ ತೆಗೆದ ಪ್ರೊಡ್ಯೂಸರ್ ಗ್ಯಾಸಿನ ಬಗ್ಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಡೆದ ಕೆಲಸ ಗಮನಾರ್ಹ. ಅಲ್ಲಿ ಡೀಸೆಲ್ ಎಂಜಿನ್ನೊಂದನ್ನು ಕಿಡಿಯ ಎಂಜಿನ್ನಾಗಿ ಬದಲಿಸಿ, 17:1ರ ಸಂಕೋಚನ ಅನುಪಾತದಲ್ಲೇ ನಾಕಿಂಗ್ ಇಲ್ಲದೆ ಈ ಅನಿಲದಿಂದ ಓಡಿಸಿ ತೋರಿಸಿದರು. ಈ ಅನಿಲದಲ್ಲಿ ಹೈಡ್ರೋಜನ್ ಗಣನೀಯವಾಗಿರುವುದರಿಂದ ಜ್ವಾಲೆ ವೇಗವಾಗಿ ಹರಡುತ್ತದೆ, ಟೈಮಿಂಗನ್ನು ಹಿಂದಕ್ಕೆ ಇಡಬೇಕಾಗುತ್ತದೆ. ಹೈಡ್ರೋಜನ್ ಹೆಚ್ಚಿರುವ ಇಂಧನದಲ್ಲಿ ಪ್ಲಾಟಿನಂ ತುದಿ ಉತ್ಪ್ರೇರಕದಂತೆ ವರ್ತಿಸಿ ಅಕಾಲ ಜ್ವಲನಕ್ಕೆ ಎಡೆಮಾಡಿಕೊಡಬಹುದು. ಅಲ್ಲಿ ದುಬಾರಿ ಪ್ಲಗ್ಗೇ ಉತ್ತಮ ಎಂಬ ಸಾಮಾನ್ಯ ನಂಬಿಕೆ ಕೈಕೊಡುತ್ತದೆ. ಟಾರು ಸರಿಯಾಗಿ ತೊಳೆಯದ ಅನಿಲವಂತೂ ಯಾವ ಪ್ಲಗ್ಗನ್ನೂ ಬಾಳಗೊಡದು.

ಪತ್ತೆಯ ಕ್ರಮ

ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮೊದಲು ಲಾಗ್ ಪುಸ್ತಕ ತೆರೆಯಬೇಕು. ಯಾವ ಸಿಲಿಂಡರಿನ ಭಾಗ, ಎಷ್ಟು ಗಂಟೆಗೆ, ಯಾವ ಲೋಡಿನಲ್ಲಿ ಕೆಟ್ಟಿತು, ಅದಕ್ಕೆ ಮೊದಲು ಎಂಜಿನ್ನಿನಲ್ಲಿ ಏನು ಬದಲಾಗಿತ್ತು ಎಂಬ ಮಾಹಿತಿಯೇ ಅರ್ಧ ಉತ್ತರ ಕೊಡುತ್ತದೆ. ಎಲ್ಲ ಸಿಲಿಂಡರುಗಳ ಪ್ಲಗ್ಗೂ ಒಂದೇ ಸಮ ಬೇಗ ಸವೆದಿದ್ದರೆ ಕಾರಣ ಎಲ್ಲಕ್ಕೂ ಸಮಾನವಾದುದು: ಇಂಧನ, ಮಿಶ್ರಣ, ಟೈಮಿಂಗ್, ಅಥವಾ ಎಂಜಿನ್ನಿಗೆ ಹೊಂದದ ಶಾಖಮಾನದ (ಹೀಟ್ ರೇಂಜ್) ಪ್ಲಗ್. ಒಂದೇ ಸಿಲಿಂಡರಿನಲ್ಲಿ ಪದೇಪದೇ ಆದರೆ ಕಾರಣ ಅಲ್ಲೇ ಇದೆ: ಆ ಕಾಯಿಲ್, ಕ್ಯಾಪು, ವಾಲ್ವ್, ರಿಂಗ್ ಅಥವಾ ಪ್ಲಗ್ ಕೂರುವ ಗೂಡು. ಎರಡು ಸಾಲಿನ ಎಂಜಿನ್‌ನಲ್ಲಿ ಒಂದು ಸಾಲಿಗೆ ಮಾತ್ರ ತೊಂದರೆಯಾದರೆ ಆ ಸಾಲಿನ ವೈರಿಂಗ್ ಮತ್ತು ಗಾಳಿಯ ದಾರಿ ನೋಡಬೇಕು.

ಎಂಜಿನ್ ಓಡುತ್ತಿರುವಾಗಲೇ ಸಿಗುವ ಸುಳಿವುಗಳಿವೆ. ಪ್ರತಿ ಸಿಲಿಂಡರಿನ ಹೊಗೆಯ ಉಷ್ಣತೆ ಅಳೆಯುವ ಯಂತ್ರಗಳಲ್ಲಿ, ಮಿಸ್ಸಿಂಗ್ ಆಗುತ್ತಿರುವ ಸಿಲಿಂಡರ್ ಉಳಿದವುಗಳಿಗಿಂತ ತಣ್ಣಗಿರುತ್ತದೆ. ಇಂದಿನ ಎಲೆಕ್ಟ್ರಾನಿಕ್ ನಿಯಂತ್ರಕಗಳು ಪ್ರತಿ ಪ್ಲಗ್ಗಿನ ವೋಲ್ಟೇಜ್ ಬೇಡಿಕೆಯನ್ನು ಅಂದಾಜಿಸಿ ತೋರಿಸುತ್ತವೆ. ಅಂದಿನ ಅಂಕಿ ಒಂದನ್ನೇ ನೋಡಿ ಲಾಭವಿಲ್ಲ, ವಾರದಿಂದ ವಾರಕ್ಕೆ ಅದರ ಏರಿಕೆಯನ್ನು ಬರೆದಿಟ್ಟುಕೊಳ್ಳಬೇಕು. ನಿಧಾನವಾಗಿ ಏರುತ್ತಿದ್ದರೆ ಸಹಜ ಸವೆತ. ಥಟ್ಟನೆ ಏರಿದರೆ ವೈರು ಕಳಚಿರಬಹುದು, ಎಲೆಕ್ಟ್ರೋಡಿನ ತುದಿ ಉದುರಿರಬಹುದು. ಥಟ್ಟನೆ ಇಳಿದರೆ ಗ್ಯಾಪಿನ ನಡುವೆ ಬೂದಿ ಸೇತುವೆ ಕಟ್ಟಿದೆ ಅಥವಾ ವಿದ್ಯುತ್ತು ಹೊರಗಿನಿಂದ ಸೋರುತ್ತಿದೆ.

ಆ ಮೇಲೆ ಬರುವ ಅದಲು ಬದಲು ಪರೀಕ್ಷೆಗೆ ದುಡ್ಡು ಬೇಡ, ತಾಳ್ಮೆ ಬೇಕು. ಎಂಜಿನ್ ನಿಲ್ಲಿಸಿ, ಗ್ಯಾಸ್ ಮುಚ್ಚಿ, ಅನುಮಾನದ ಪ್ಲಗ್ಗನ್ನು ಚೆನ್ನಾಗಿರುವ ಸಿಲಿಂಡರಿಗೂ ಅಲ್ಲಿಯದನ್ನು ಇಲ್ಲಿಗೂ ಹಾಕಬೇಕು. ತೊಂದರೆ ಪ್ಲಗ್ಗಿನ ಜೊತೆ ಹೋದರೆ ತಪ್ಪು ಪ್ಲಗ್ಗಿನಲ್ಲಿದೆ. ಹೋಗದಿದ್ದರೆ ಮುಂದೆ ಕಾಯಿಲನ್ನು, ಆ ಮೇಲೆ ವೈರನ್ನು ಬದಲಿಸಿ ನೋಡಬೇಕು. ಯಾವುದನ್ನು ಬದಲಿಸಿದರೂ ತೊಂದರೆ ಸಿಲಿಂಡರನ್ನು ಬಿಟ್ಟು ಕದಲದಿದ್ದರೆ ಕಂಪ್ರೆಷನ್ ಮತ್ತು ವಾಲ್ವ್ ಪರೀಕ್ಷೆಗೆ ಇಳಿಯಬೇಕು. ಒಂದು ಸಲಕ್ಕೆ ಒಂದೇ ಭಾಗ ಕದಲಿಸುವುದು ಇಲ್ಲಿನ ಕಟ್ಟುಪಾಡು. ಅವಸರಕ್ಕೆ ಪ್ಲಗ್, ಕಾಯಿಲ್ ಎರಡನ್ನೂ ಒಟ್ಟಿಗೆ ಬದಲಿಸಿದರೆ ಎಂಜಿನ್ ಸರಿಯಾಗಬಹುದು, ಕಾರಣ ಮಾತ್ರ ಎಂದಿಗೂ ತಿಳಿಯುವುದಿಲ್ಲ.

ಪ್ಲಗ್ಗನ್ನು ಹೆಡ್ಡಿಗೆ ತಾಗಿಸಿ ಹಿಡಿದು ಕಿಡಿ ನೋಡುವ ಹಳೆಯ ಪರೀಕ್ಷೆ ಪೂರ್ತಿ ನಂಬುವಂಥದ್ದಲ್ಲ. ಬಯಲ ಗಾಳಿಯಲ್ಲಿ 0.7 ಮಿಲಿಮೀಟರ್ ಗ್ಯಾಪು ದಾಟಲು ಸುಮಾರು ಮೂರು ಸಾವಿರ ವೋಲ್ಟ್ ಸಾಕು, ಒತ್ತಡದಲ್ಲಿರುವ ಸಿಲಿಂಡರಿನೊಳಗೆ ಅದರ ಹಲವು ಪಟ್ಟು ಬೇಕು. ಹೊರಗೆ ನೀಲಿ ಕಿಡಿ ಹಾರಿಸುವ ದುರ್ಬಲ ಕಾಯಿಲ್ ಒಳಗೆ ಸೋಲುವುದು ಹೀಗೆ. ಅಗಲ ಗ್ಯಾಪಿನ ಟೆಸ್ಟರ್ ಬಳಸಿದರೆ ನಿಜ ತಿಳಿಯುತ್ತದೆ. ಓಡುವ ಎಂಜಿನ್ನಿನ ಪ್ಲಗ್ ವೈರನ್ನು ಕಿತ್ತು ನೋಡುವುದು ಇನ್ನೂ ಕೆಟ್ಟ ಅಭ್ಯಾಸ. ಹಾದಿ ಸಿಗದ ಕಾಯಿಲಿನ ವೋಲ್ಟೇಜ್ ಗರಿಷ್ಠಕ್ಕೇರಿ ಒಳಗಿನ ನಿರೋಧಕ ಒಡೆಯಬಹುದು, ಗ್ಯಾಸ್ ಸೋರುವ ಕೊಠಡಿಯಲ್ಲಿ ಅದೇ ಕಿಡಿ ಜೀವಕ್ಕೆ ಎರವಾಗಬಹುದು.

ಕಾಯಿಲಿನ ಸುತ್ತುಗಳ ಓಮ್ ಅಳೆಯುವಾಗ ಪಕ್ಕದ ಒಳ್ಳೆಯ ಕಾಯಿಲಿನೊಂದಿಗೆ ಹೋಲಿಸುವುದು ಕ್ಷೇಮ. ತಣ್ಣಗಿದ್ದಾಗ ಸರಿ ತೋರಿಸಿ, ಕಾದಾಗ ಕೈಕೊಡುವ ಕಾಯಿಲುಗಳು ಬಹಳ. ಒಂದು ಗಂಟೆ ಓಡಿದ ಮೇಲೆ ಮಿಸ್ಸಿಂಗ್ ಶುರುವಾಗುತ್ತದೆ ಎಂಬ ದೂರು ಬಂದರೆ ಬಿಸಿಯಿರುವಾಗಲೇ ಅಳೆಯಬೇಕು. ನಿಯಂತ್ರಕಕ್ಕೆ ಬರುವ ಬ್ಯಾಟರಿ ವೋಲ್ಟೇಜ್ ಮತ್ತು ಎಂಜಿನ್ನಿನ ಅರ್ಥ್ ಜೋಡಣೆಯನ್ನು ನೋಡಲು ಐದು ನಿಮಿಷ ಸಾಕು, ಆದರೂ ಹೆಚ್ಚಿನವರು ಕೊನೆಗೆ ನೋಡುವುದು ಇವನ್ನೇ. ಮಳೆಗಾಲದ ತೇವ, ವೈರು ಕಡಿಯುವ ಇಲಿ, ನೀರಿನ ಪೈಪು ಹಿಡಿದು ಎಂಜಿನ್ ತೊಳೆಯುವುದು, ಇವೂ ನಮ್ಮ ಕರಾವಳಿ ಮಲೆನಾಡಿನಲ್ಲಿ ಮರೆಯಬಾರದ ಕಾರಣಗಳು.

ಸಣ್ಣ ಜನರೇಟರುಗಳು

ಅಂಗಡಿ, ಮದುವೆ ಮಂಟಪ, ಕ್ಲಿನಿಕ್ಕುಗಳಲ್ಲಿ ಬಳಸುವ ಸಣ್ಣ ಜನರೇಟರು ಸಾಮಾನ್ಯವಾಗಿ ನಿಮಿಷಕ್ಕೆ 3,000 ಸುತ್ತು ತಿರುಗುತ್ತದೆ. ಆಯಸ್ಕಾಂತ ಫ್ಲೈವೀಲಿನಲ್ಲೇ ಇರುವುದರಿಂದ ಹೊಗೆ ಹೊರಹೋಗುವ ಹೊತ್ತಿನಲ್ಲೂ ಒಂದು ವ್ಯರ್ಥ ಕಿಡಿ ಹಾರುತ್ತದೆ. ಗಂಟೆಗೆ 1,80,000 ಕಿಡಿ. ಇಲ್ಲಿ ಪ್ಲಗ್ ಕೆಡುವುದು ಸವೆತಕ್ಕಿಂತ ಹೆಚ್ಚಾಗಿ ಮಸಿಯಿಂದ. ಚೋಕ್ ಹಿಂದಕ್ಕೆ ತಳ್ಳದೆ ಓಡಿಸುವುದು, ತಿಂಗಳುಗಟ್ಟಲೆ ಟ್ಯಾಂಕಿನಲ್ಲೇ ಬಿಟ್ಟ ಪೆಟ್ರೋಲ್, ಒಂದೆರಡು ಬಲ್ಬಿನ ಲೋಡಿಗೆ ದಿನವಿಡೀ ಓಡಿಸುವುದು ಇದಕ್ಕೆ ಕಾರಣ. ಪೆಟ್ರೋಲಿನಲ್ಲಿ ಹೊತ್ತಿಸಿ ಸೀಮೆಎಣ್ಣೆಗೆ ತಿರುಗಿಸುವ ಜನರೇಟರುಗಳನ್ನು ನಿಲ್ಲಿಸುವ ಮುಂಚೆ ಮತ್ತೆ ಪೆಟ್ರೋಲಿಗೆ ತಾರದಿದ್ದರೆ ಮಾರನೆಯ ದಿನ ಪ್ಲಗ್ ಒದ್ದೆ.

ಕಿಡಿಯೇ ಇಲ್ಲವೆಂದು ಕಾಯಿಲ್ ಬದಲಿಸುವ ಮುನ್ನ ಎಣ್ಣೆಯ ಮಟ್ಟ ನೋಡಬೇಕು. ಎಣ್ಣೆ ಇಳಿದಾಗ ಕಿಡಿಯನ್ನು ಅರ್ಥಿಗೆ ಹರಿಸಿ ಎಂಜಿನ್ ನಿಲ್ಲಿಸುವ ಸೆನ್ಸರ್ ಅನೇಕ ಮಾದರಿಗಳಲ್ಲಿದೆ. ಅದರ ವೈರು ಅಥವಾ ಸ್ವಿಚ್ಚಿನ ವೈರು ಕವಚ ಹರಿದು ಬಾಡಿಗೆ ತಾಗಿದರೂ ಕಿಡಿ ಸಾಯುತ್ತದೆ. ಕಿಡಿ ಇದ್ದೂ ಎಂಜಿನ್ ಒದೆಯುತ್ತಿದ್ದರೆ ಫ್ಲೈವೀಲಿನ ಕೀ ಅರ್ಧ ಕತ್ತರಿಸಿ ಟೈಮಿಂಗ್ ತಪ್ಪಿರುವ ಸಾಧ್ಯತೆ ಹೆಚ್ಚು. ಇನ್ವರ್ಟರ್ ಮಾದರಿಯ ಜನರೇಟರಿಗೆ ಒಳಗೆ ಸುಮಾರು 5,000 ಓಮಿನ ರೆಸಿಸ್ಟರ್ ಇರುವ ಪ್ಲಗ್ಗನ್ನೇ ಹಾಕಬೇಕು, ಇಲ್ಲದಿದ್ದರೆ ಕಿಡಿಯ ರೇಡಿಯೋ ಗದ್ದಲ ಅದರ ಎಲೆಕ್ಟ್ರಾನಿಕ್ ಭಾಗವನ್ನು ದಾರಿ ತಪ್ಪಿಸಬಹುದು.

ತಯಾರಿಕೆಯ ದೋಷ

ಇಷ್ಟೆಲ್ಲ ನೋಡಿದ ಮೇಲೂ ಕಾರಣ ಸಿಗದೆ, ಒಂದೇ ಬ್ಯಾಚಿನ ಭಾಗಗಳು ಬೇರೆ ಬೇರೆ ಎಂಜಿನ್‌ಗಳಲ್ಲಿ ಒಂದೇ ರೀತಿ ಕೆಟ್ಟರೆ ತಯಾರಿಕೆಯ ದೋಷವನ್ನು ಶಂಕಿಸಬಹುದು. ನಕಲಿ ಮಾಲು ಓಡಾಡುವ ಮಾರುಕಟ್ಟೆಯಲ್ಲಿ ಪೆಟ್ಟಿಗೆಯ ಮೇಲಿನ ಮುದ್ರಣ, ಮರೆಯ ನಯ, ಎಲೆಕ್ಟ್ರೋಡಿನ ನೇರವನ್ನು ಅಸಲಿಯೊಂದಿಗೆ ಹೋಲಿಸಬೇಕು. ಪರೀಕ್ಷೆಗೆ ಕಳಿಸುವ ಪ್ಲಗ್ಗನ್ನು ಉಜ್ಜಬಾರದು, ಪೆಟ್ರೋಲಿನಲ್ಲಿ ತೊಳೆಯಬಾರದು. ಸಿಲಿಂಡರ್ ಸಂಖ್ಯೆ, ಹಾಕಿದ ದಿನ, ತೆಗೆದ ದಿನ, ಗಂಟೆಯ ಮೀಟರಿನ ಎರಡೂ ಓದು, ಬಿಚ್ಚಿದಾಗಿನ ಗ್ಯಾಪು, ಇವನ್ನು ಚೀಟಿಯಲ್ಲಿ ಬರೆದು ಕಟ್ಟಿ, ಅದೇ ಎಂಜಿನ್ನಿನಲ್ಲಿ ಚೆನ್ನಾಗಿ ಓಡುತ್ತಿದ್ದ ಇನ್ನೊಂದು ಪ್ಲಗ್ಗನ್ನೂ ಜೊತೆಗಿಟ್ಟು ಕಳಿಸಬೇಕು.